ಒಂದು ಮನೆ, ಇಬ್ಬರು ಯಜಮಾನರು

ಪುತ್ತೂರು–ಸುಳ್ಯ ಸೀಮೆಯಲ್ಲಿ ‘ಪಾಲುಪಟ್ಟಿ’ ಎಂಬ ಶಬ್ದವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತೋಟ ಯಾರಿಗೆ, ಗದ್ದೆ ಯಾರಿಗೆ, ಕೆರೆಯ ನೀರು ಯಾರ ಪಾಲಿಗೆ ಎಂದು ಎಲ್ಲೆ ಸಮೇತ ಬರೆದಿಡುವ ಕಾಗದ ಅದು. ಅಳಿಯಸಂತಾನದ ಕುಟುಂಬಗಳಲ್ಲಿ ಹಿಂದೆ ಎಲ್ಲರೂ ಒಪ್ಪದೆ ಪಾಲು ಆಗುವಂತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಬಂದ ಮೇಲೆ ಪಾಲು ಕೇಳುವ ಹಕ್ಕು ಬಂತು. ದೊಡ್ಡ ಮನೆಗಳ ಆಸ್ತಿ ಹಂಚಿಹೋಯಿತು. ತಾಲೂಕುಗಳ ಕಥೆಯೂ ಹೆಚ್ಚುಕಡಿಮೆ ಅದೇ. ಸುಳ್ಯ ಒಂದು ಕಾಲಕ್ಕೆ ಪುತ್ತೂರು ತಾಲೂಕಿನೊಳಗೇ ಇತ್ತು. ಕಡಬ ತಾಲೂಕು ಇವೆರಡರ ಗ್ರಾಮಗಳನ್ನೂ ತೆಗೆದುಕೊಂಡು ಈಚೆಗೆ ರೂಪುಗೊಂಡಿತು. ಸುಬ್ರಹ್ಮಣ್ಯ ಕ್ಷೇತ್ರ ಸುಳ್ಯದ ಪಟ್ಟಿಯಿಂದ ಕಡಬದ ಪಟ್ಟಿಗೆ ಸರಿಯಿತು.

ಗಣಕಯಂತ್ರದ ಹೊಟ್ಟೆಯೊಳಗೂ ಇಂಥದೊಂದು ಪಾಲುಪಟ್ಟಿ ಇದೆಯೆಂಬುದು ಬಹಳ ಜನರಿಗೆ ಗೊತ್ತಿಲ್ಲ. ಹೆಸರೂ ಅದೇ: ಪಾರ್ಟಿಷನ್ ಟೇಬಲ್. ಮಾಹಿತಿಯನ್ನು ಶಾಶ್ವತವಾಗಿ ಇಡುವ ಹಾರ್ಡ್ ಡಿಸ್ಕಿನ ಮೊಟ್ಟಮೊದಲ ಅಂಕಣದಲ್ಲಿ ಅದು ಕುಳಿತಿರುತ್ತಿತ್ತು. ಆ ಅಂಕಣದ ಅಳತೆ 512 ಬೈಟ್, ಅಂದರೆ ಇಂಗ್ಲಿಷಿನ 512 ಅಕ್ಷರಗಳಷ್ಟು ಜಾಗ. ಒಂದು ಇನ್‌ಲ್ಯಾಂಡ್ ಪತ್ರವೂ ತುಂಬದು. ಅದರಲ್ಲಿ 446 ಬೈಟು ಯಂತ್ರವನ್ನು ಎಬ್ಬಿಸುವ ಪುಟ್ಟ ಆದೇಶಗಳಿಗೆ, 64 ಬೈಟು ಪಾಲುಪಟ್ಟಿಗೆ, ಕೊನೆಯ 2 ಬೈಟು ‘ಇದು ಅಸಲಿ ಪತ್ರ’ ಎಂಬ ಮೊಹರಿಗೆ. ಪಾಲುಪಟ್ಟಿಯಲ್ಲಿ ನಾಲ್ಕೇ ಸಾಲು. ಒಂದೊಂದು ಸಾಲಿನಲ್ಲೂ ಡಿಸ್ಕಿನ ಒಂದು ತುಂಡು ಎಲ್ಲಿಂದ ಎಲ್ಲಿಯವರೆಗೆ, ಅದು ಯಾವ ಬಗೆಯ ವ್ಯವಸ್ಥೆಗೆ ಸೇರಿದ್ದು ಎಂಬ ವಿವರ.

ಇಲ್ಲಿ ‘ವ್ಯವಸ್ಥೆ’ ಎಂದರೆ ಆಪರೇಟಿಂಗ್ ಸಿಸ್ಟಮ್, ಕನ್ನಡದಲ್ಲಿ ಕಾರ್ಯಾಚರಣಾ ವ್ಯವಸ್ಥೆ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರ ಪರದೆಯ ಮೇಲೆ ಮೂಡಬೇಕಾದರೂ, ಬರೆದದ್ದು ಕಡತವಾಗಿ ಉಳಿಯಬೇಕಾದರೂ, ಮುದ್ರಣಯಂತ್ರ ಕಾಗದ ಎಳೆಯಬೇಕಾದರೂ ಅದರ ಅಪ್ಪಣೆ ಬೇಕು. ಗುತ್ತಿನ ಮನೆಯ ಯಜಮಾನನಿಗೆ ಹೋಲಿಸಬಹುದು. ಒಂದು ಮನೆಗೆ ಒಬ್ಬನೇ ಯಜಮಾನ ಎಂಬುದು ರೂಢಿ. ಆದರೆ ಒಂದೇ ಯಂತ್ರದಲ್ಲಿ ಇಬ್ಬರನ್ನೋ ಮೂವರನ್ನೋ ಇಟ್ಟುಕೊಂಡು, ಚಾವಡಿಯಲ್ಲಿ ಇವತ್ತು ಯಾರು ಕೂರಬೇಕೆಂದು ಬೆಳಿಗ್ಗೆ ಗುಂಡಿ ಒತ್ತುವಾಗ ತೀರ್ಮಾನಿಸುವ ಪದ್ಧತಿಯೂ ಮೊದಲಿನಿಂದಲೇ ಇದೆ. ‘ಡ್ಯುಯಲ್ ಬೂಟ್’ ಎಂದು ಅದಕ್ಕೆ ಹೆಸರು. ಬೂಟ್ ಎಂದರೆ ಕಾಲಿನ ಬೂಟೇ. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲಕ್ಕೆತ್ತಿಕೊಳ್ಳುವ ಮನುಷ್ಯನ ಚಿತ್ರದಿಂದ ಬಂದ ಮಾತು. ಯಂತ್ರ ಏಳಲು ಆದೇಶ ಬೇಕು, ಆದೇಶವನ್ನು ಓದಬೇಕಾದರೆ ಯಂತ್ರ ಎದ್ದಿರಬೇಕು. ಈ ಗಂಟನ್ನು ಬಿಡಿಸುವುದೇ ಆ 446 ಬೈಟುಗಳ ಕೆಲಸ.

ಇದು ಯಾರೋ ಹವ್ಯಾಸಿಗಳು ಆಮೇಲೆ ಹುಡುಕಿದ ಉಪಾಯ ಎಂದು ತಿಳಿದವರಿದ್ದಾರೆ. ಹಾಗಲ್ಲ. 1981ರ ಆಗಸ್ಟಿನಲ್ಲಿ ಐಬಿಎಂ ಕಂಪೆನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗಲೇ ಅದಕ್ಕೆ ಮೂರು ವ್ಯವಸ್ಥೆಗಳನ್ನು ಘೋಷಿಸಿತ್ತು: ಮೈಕ್ರೋಸಾಫ್ಟಿನಿಂದ ಪಡೆದ ಪಿಸಿ ಡಾಸ್, ಡಿಜಿಟಲ್ ರಿಸರ್ಚ್ ಕಂಪೆನಿಯ ಸಿಪಿ/ಎಂ-86, ಮತ್ತು ಕ್ಯಾಲಿಫೋರ್ನಿಯದ ವಿಶ್ವವಿದ್ಯಾಲಯವೊಂದರಲ್ಲಿ ಹುಟ್ಟಿದ ಪಿ-ಸಿಸ್ಟಮ್. ಗಿರಾಕಿ ಬೇಕಾದುದನ್ನು ಆರಿಸಿಕೊಳ್ಳಬಹುದಿತ್ತು. ಡಾಸ್‌ಗೆ 40 ಡಾಲರ್, ಸಿಪಿ/ಎಂ-86ಕ್ಕೆ 240 ಡಾಲರ್ ಬೆಲೆ ಬಿದ್ದಾಗ ಆಯ್ಕೆ ಹೇಗಾಯಿತೆಂದು ಹೇಳಬೇಕಾಗಿಲ್ಲ. ಆ ಯಂತ್ರದಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಯಾವ ಫ್ಲಾಪಿ ತೂರಿಸುತ್ತೀರೋ ಅದೇ ಯಜಮಾನ. 1983ರಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಹೊತ್ತ ಎಕ್ಸ್‌ಟಿ ಮಾದರಿ, ಅದರ ಜತೆಗೆ ಡಾಸ್‌ನ 2.0 ಆವೃತ್ತಿ ಬಂದಾಗ ಪಾಲುಪಟ್ಟಿಯೂ ಹುಟ್ಟಿತು. ಒಂದೇ ಡಿಸ್ಕಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳು ನೆರೆಹೊರೆಯಲ್ಲಿ ಬಾಳಲಿ ಎಂಬುದೇ ಆ ನಾಲ್ಕು ಸಾಲುಗಳ ಉದ್ದೇಶವಾಗಿತ್ತು. 10 ಮೆಗಾಬೈಟು ಎಂದರೆ ಈಗಿನ ಫೋನಿನಲ್ಲಿ ತೆಗೆದ ಎರಡು ಮೂರು ಚಿತ್ರಗಳಷ್ಟು. ಅದನ್ನು ನಾಲ್ವರಿಗೆ ಹಂಚುವ ಯೋಚನೆ ಅವರಿಗಿತ್ತು!

ಬಾಳ್ವೆ ಮಾತ್ರ ಬೇರೆ ರೀತಿ ಆಯಿತು. ಡಾಸ್, ಅದರ ಬೆನ್ನಿಗೆ ವಿಂಡೋಸ್, ಇಡೀ ಜಗತ್ತಿನ ಮೇಜುಗಳನ್ನು ಆವರಿಸಿತು. ಪುತ್ತೂರಿನ ಸಂತ ಫಿಲೋಮಿನಾ ಕಾಲೇಜು 1958ರಷ್ಟು ಹಳೆಯದು, ವಿವೇಕಾನಂದ ಕಾಲೇಜು 1965ರದ್ದು. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರ ಹೆಸರಿನ ಇಂಜಿನಿಯರಿಂಗ್ ಕಾಲೇಜು 1986ರಲ್ಲಿ ಆರಂಭವಾಯಿತು. ಪುತ್ತೂರಿನಲ್ಲಿ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜು 2001ರಲ್ಲಿ. ಕಂಪ್ಯೂಟರ್ ಈ ಸೀಮೆಯ ಸಾಮಾನ್ಯರ ಕಣ್ಣಿಗೆ ಬಿದ್ದದ್ದು ಕಾಲೇಜುಗಳಿಗಿಂತ ಹೆಚ್ಚಾಗಿ ಡಿಟಿಪಿ ಅಂಗಡಿಗಳಲ್ಲಿ. ಮದುವೆಯ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಬ್ರಹ್ಮಕಲಶೋತ್ಸವದ ಆಮಂತ್ರಣ – ತುಳುನಾಡಿನಲ್ಲಿ ಅಚ್ಚಿನ ಕೆಲಸಕ್ಕೆ ಬರವಿಲ್ಲ. ಮೊಳೆ ಜೋಡಿಸುತ್ತಿದ್ದ ಕೈಗಳು ಪೇಜ್‌ಮೇಕರ್ ಕಲಿತವು. ವಿಂಡೋಸ್ ಬಿಟ್ಟು ಬೇರೊಂದು ವ್ಯವಸ್ಥೆ ಇರಬಹುದೆಂಬ ಯೋಚನೆಗೇ ಅಲ್ಲಿ ಆಸ್ಪದವಿರಲಿಲ್ಲ. ಕಂಪ್ಯೂಟರ್ ಎಂದರೆ ವಿಂಡೋಸ್, ವಿಂಡೋಸ್ ಎಂದರೆ ಕಂಪ್ಯೂಟರ್.

ಎರಡನೆಯ ಯಜಮಾನ ಬಂದದ್ದು ಫಿನ್ಲೆಂಡಿನಿಂದ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ತಾನು ಬರೆದ ವ್ಯವಸ್ಥೆಯ ಗರ್ಭವನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಅದಕ್ಕೆ ಎಂಟು ವರ್ಷ ಮೊದಲೇ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ‘ಗ್ನು’ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ತಂತ್ರಾಂಶಗಳ ಕೆಲಸ ಘೋಷಿಸಿದ್ದರು. ಎರಡೂ ಕೂಡಿ ಲಿನಕ್ಸ್ ಆಯಿತು. ದೂರವಾಣಿ ತಂತಿಯ ಅಂತರಜಾಲದಲ್ಲಿ ಅಷ್ಟು ದೊಡ್ಡ ಸಾಮಾನನ್ನು ಇಳಿಸಿಕೊಳ್ಳುವುದು ಸಾಧ್ಯವಿಲ್ಲದ ಕಾಲ. ಭಾರತದ ಸಣ್ಣ ಊರುಗಳಿಗೆ ಲಿನಕ್ಸ್ ಮುಟ್ಟಿದ್ದು ಪತ್ರಿಕೆಯ ಜತೆ. ‘ಪಿಸಿ ಕ್ವೆಸ್ಟ್’ ಎಂಬ ಇಂಗ್ಲಿಷ್ ಮಾಸಪತ್ರಿಕೆ 1996ರಿಂದ ಲಿನಕ್ಸ್ ಸಿ.ಡಿ.ಗಳನ್ನು ಸಂಚಿಕೆಯೊಡನೆ ಕೊಡತೊಡಗಿತು. ಆಮೇಲೆ 2005ರಿಂದ 2011ರವರೆಗೆ ಉಬುಂಟು ಎಂಬ ಲಿನಕ್ಸ್ ಬಳಗ ವಿಳಾಸ ಬರೆದು ಕಳಿಸಿದವರಿಗೆಲ್ಲ ಬಿಡಿಗಾಸಿಲ್ಲದೆ ಸಿ.ಡಿ. ಅಂಚೆಗೆ ಹಾಕುತ್ತಿತ್ತು. ಅಂಚೆಯಣ್ಣ ಗುಡ್ಡ ಹತ್ತಿ ತಂದುಕೊಡುವ ಕಾರ್ಯಾಚರಣಾ ವ್ಯವಸ್ಥೆ!

ಸಿ.ಡಿ. ಕೈಗೆ ಬಂದರೂ ಇದ್ದ ವಿಂಡೋಸನ್ನು ಹೊರಗಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಮನೆಯಲ್ಲಿರುವುದು ಒಂದೇ ಯಂತ್ರ. ಅದರಲ್ಲಿ ತಂದೆಯ ಲೆಕ್ಕಪತ್ರ, ತಮ್ಮನ ಆಟ, ಅಕ್ಕನ ಪ್ರಾಜೆಕ್ಟು. ಆದ್ದರಿಂದ ಪಾಲು. ಮೊದಲು ಇದ್ದದ್ದನ್ನೆಲ್ಲ ಬೇರೆಡೆ ನಕಲು ಮಾಡಿಟ್ಟುಕೊಳ್ಳಬೇಕು. ವಿಂಡೋಸ್ ಹಿಡಿದಿರುವ ಜಾಗವನ್ನು ಕಿರಿದುಮಾಡಿ ಕೊನೆಯಲ್ಲಿ ಒಂದಿಷ್ಟು ಖಾಲಿ ಬಿಡಬೇಕು. ಆ ಖಾಲಿಯಲ್ಲಿ ಲಿನಕ್ಸಿಗೆ ಒಂದು ತುಂಡು, ನೆನಪಿನಕೋಶ ಸಾಲದಾದಾಗ ಇಳಿಸಿಡಲು ‘ಸ್ವಾಪ್’ ಎಂಬ ಇನ್ನೊಂದು ಚಿಕ್ಕ ತುಂಡು. ಎಲ್ಲೆ ಒಂದಿಷ್ಟು ಆಚೀಚೆಯಾದರೆ ಅಲ್ಲಿದ್ದುದೆಲ್ಲ ಹೋದಂತೆಯೇ. ಜಮೀನಿನ ಪಾಲಿನಲ್ಲಿ ತಪ್ಪಾದರೆ ಕೋರ್ಟಿದೆ, ಇಲ್ಲಿ ಅದೂ ಇಲ್ಲ.

ಅನುಭವದಿಂದ ಬಂದ ಒಂದು ಕಟ್ಟಳೆ ಬಾಯಿಂದ ಬಾಯಿಗೆ ಹರಡಿತ್ತು: ಮೊದಲು ವಿಂಡೋಸ್ ಹಾಕಿ, ಆಮೇಲೆ ಲಿನಕ್ಸ್. ಕಾರಣವಿದೆ. ವಿಂಡೋಸ್ ತನ್ನನ್ನು ಸ್ಥಾಪಿಸಿಕೊಳ್ಳುವಾಗ ಆ ಮೊದಲ ಅಂಕಣದಲ್ಲಿ ಯಾರಿದ್ದಾರೆಂದು ವಿಚಾರಿಸುವುದಿಲ್ಲ. ಇದ್ದುದನ್ನು ಅಳಿಸಿ ತನ್ನ ಆದೇಶ ಬರೆದುಬಿಡುತ್ತದೆ. ಲಿನಕ್ಸ್ ಅದರ ಭಾಗದಲ್ಲಿ ಹಾಗೆಯೇ ಇರುತ್ತದೆ, ಅಲ್ಲಿಗೆ ಹೋಗುವ ದಾರಿ ಮಾತ್ರ ಇಲ್ಲ. ಲಿನಕ್ಸ್ ಹಾಗಲ್ಲ. ಅದರ ‘ಲಿಲೋ’, ನಂತರ ‘ಗ್ರಬ್’ ಎಂಬ ದ್ವಾರಪಾಲಕರು ಡಿಸ್ಕನ್ನೆಲ್ಲ ಹುಡುಕಿ, ಇಲ್ಲಿ ಯಾರು ಯಾರಿದ್ದಾರೆಂದು ಪಟ್ಟಿ ಮಾಡಿ ಪರದೆಯ ಮೇಲೆ ತೋರಿಸಿ ಕೆಲವು ಸೆಕೆಂಡು ಕಾಯುತ್ತಾರೆ. ಲಿಲೋ ಏಳುವಾಗ ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಮೂಡಿಸುತ್ತಿತ್ತು: ಎಲ್, ಐ, ಎಲ್, ಓ. ಒಂದೊಂದು ಅಕ್ಷರ ಒಂದೊಂದು ಹಂತ ದಾಟಿದ ಗುರುತು. ಎರಡೇ ಅಕ್ಷರಕ್ಕೆ ನಿಂತರೆ ಯಂತ್ರ ಅಲ್ಲೇ ಕೈಚೆಲ್ಲಿದೆ ಎಂದರ್ಥ. ಆ ಅರ್ಧ ಹೆಸರನ್ನು ಕಂಡು ರಾತ್ರಿ ನಿದ್ದೆಗೆಟ್ಟ ವಿದ್ಯಾರ್ಥಿಗಳು ದೇಶದ ತುಂಬ ಇದ್ದರು.

ಕೂಡಿ ಬಾಳುವಾಗಿನ ಸಣ್ಣಪುಟ್ಟ ಕಿರಿಕಿರಿಗಳು ಬೇರೆ. ಗಡಿಯಾರದ್ದನ್ನೇ ನೋಡಿ. ವಿಂಡೋಸ್ ಯಂತ್ರದ ಒಳಗಡಿಯಾರದಲ್ಲಿ ಊರಿನ ಸಮಯವನ್ನೇ ಬರೆದಿಡುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಜಾಗತಿಕ ಸಮಯವನ್ನು ಬರೆದು, ತೋರಿಸುವಾಗ ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ. ಲಿನಕ್ಸಿನಲ್ಲಿ ಕೆಲಸ ಮುಗಿಸಿ ವಿಂಡೋಸಿಗೆ ಮರಳಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಗಡಿಯಾರ ಬೆಳಗಿನ ಏಳೂವರೆ ತೋರಿಸುತ್ತಿತ್ತು. ಮೋಡೆಮ್ ಇನ್ನೊಂದು ತಲೆನೋವು. ಅಗ್ಗದ ಮೋಡೆಮ್‌ಗಳ ಅರ್ಧ ಕೆಲಸವನ್ನು ವಿಂಡೋಸಿನ ತಂತ್ರಾಂಶವೇ ಮಾಡುತ್ತಿತ್ತು. ಲಿನಕ್ಸಿಗೆ ಬಂದರೆ ಅವು ಬರೀ ತಗಡು. ಲಿನಕ್ಸಿನ ತೊಂದರೆಗೆ ಅಂತರಜಾಲದಲ್ಲಿ ಪರಿಹಾರ ಹುಡುಕಲು ವಿಂಡೋಸಿಗೆ ಹೋಗಿ, ಉತ್ತರವನ್ನು ಕಾಗದದಲ್ಲಿ ಬರೆದುಕೊಂಡು ಲಿನಕ್ಸಿಗೆ ಮರಳಬೇಕಾಗಿತ್ತು.

ಕಡತಗಳ ವಿಷಯದಲ್ಲೂ ಭೇದ. ಲಿನಕ್ಸಿಗೆ ವಿಂಡೋಸಿನ ಹಳೆಯ ಫ್ಯಾಟ್ ಬಗೆಯ ಕೋಣೆಗೆ ಹೋಗಿಬರಲು ಬರುತ್ತಿತ್ತು. ವಿಂಡೋಸಿಗೆ ಲಿನಕ್ಸಿನ ಕೋಣೆ ಕಾಣಿಸುತ್ತಲೇ ಇರಲಿಲ್ಲ, ಅದರ ಲೆಕ್ಕದಲ್ಲಿ ಅದು ಪಾಳುಜಾಗ. ಜಾಣರು ಇಬ್ಬರಿಗೂ ಒಪ್ಪುವ ಮೂರನೆಯ ಒಂದು ತುಂಡನ್ನು ಜಗಲಿಯಂತೆ ಬಿಟ್ಟುಕೊಂಡು ಹಂಚಿಕೊಳ್ಳಬೇಕಾದ ಕಡತಗಳನ್ನು ಅಲ್ಲಿಡುತ್ತಿದ್ದರು. ವಿಂಡೋಸ್ ಎಕ್ಸ್‌ಪಿ ಕಾಲದ ಎನ್‌ಟಿಎಫ್‌ಎಸ್ ಕೋಣೆಯಲ್ಲಿ ಲಿನಕ್ಸ್ ನಿರ್ಭಯವಾಗಿ ಬರೆಯುವಂತಾದದ್ದು 2007ರ ಸುಮಾರಿಗೆ.

ಇಷ್ಟರವರೆಗಿನದು ಎಲ್ಲ ಭಾಷೆಯವರ ಪಾಡು. ಕನ್ನಡ ಬರೆಯುವವನ ಪಾಡು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಜಗಲಿಯಲ್ಲಿಟ್ಟ ಇಂಗ್ಲಿಷ್ ಕಡತವನ್ನು ಯಾವ ಯಜಮಾನನೂ ಓದುತ್ತಿದ್ದ. ಕನ್ನಡದ ಕಡತ ತೆರೆದರೆ ಅಲ್ಲಿ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟು, ಯುರೋಪಿನ ಭಾಷೆಗಳ ಒತ್ತುಗುರುತು. ಯಾಕೆಂದರೆ ಅಂದಿನ ಕನ್ನಡ ತಂತ್ರಾಂಶಗಳು ಯಂತ್ರಕ್ಕೆ ಕನ್ನಡ ಕಲಿಸಿರಲಿಲ್ಲ. ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ಅಕ್ಷರಚೂರುಗಳ ಚಿತ್ರ ಕೂರಿಸಿ ಕಣ್ಣಿಗೆ ಕನ್ನಡವೆನ್ನಿಸುತ್ತಿದ್ದವು. ಯಾವ ಸಂಕೇತಕ್ಕೆ ಯಾವ ಚೂರು ಎಂಬುದು ಒಬ್ಬೊಬ್ಬ ತಯಾರಕನ ಗುಟ್ಟು. ಶ್ರೀಲಿಪಿಯಲ್ಲಿ ಬರೆದದ್ದು ಆಕೃತಿಯಲ್ಲಿ ಓದಲಾಗದು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಗೊಂದಲವನ್ನು ಎಷ್ಟೋ ತಗ್ಗಿಸಿದರೂ ಆ ಅಕ್ಷರಶೈಲಿಗಳಿಲ್ಲದ ಯಂತ್ರದಲ್ಲಿ ಕನ್ನಡ ಕನ್ನಡವಾಗಿರಲಿಲ್ಲ. 1996ರಲ್ಲಿ ಯು. ಬಿ. ಪವನಜ ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆ ಆರಂಭಿಸಿದರು. ಕನ್ನಡದ ಮೊದಲ ಜಾಲತಾಣ ಅದೇ. ಅವರ ಹೆಸರಿನ ಮುಂದಿರುವ ಉಬರಡ್ಕ, ಬೆಳ್ಳಿಪ್ಪಾಡಿ ಎರಡೂ ಈ ಸೀಮೆಯ ಊರುಗಳು.

ಯುನಿಕೋಡ್ ಎಂಬ ಜಾಗತಿಕ ಸಂಕೇತಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಊಟ ಸಿಗುವುದಿಲ್ಲ. ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಬಂದವು, ಕನ್ನಡ ಇರಲಿಲ್ಲ. 2001ರ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಅಕ್ಷರಶೈಲಿಯೊಡನೆ ಕನ್ನಡ ಬಂತು. ಲಿನಕ್ಸಿನಲ್ಲೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಸ್ವಯಂಸೇವಕರ ದುಡಿಮೆಯಿಂದ ಕನ್ನಡ ಮೂಡತೊಡಗಿತು. ಒತ್ತಕ್ಷರ ಚೆದರದೆ ನಿಲ್ಲಲು ಇನ್ನೂ ಕೆಲವು ವರ್ಷ ಹಿಡಿಯಿತು. ಈ ನಡುಗಾಲದಲ್ಲಿ ಒಂದು ವಿಚಿತ್ರ ಬಗೆಯ ಎರಡು ವ್ಯವಸ್ಥೆಗಳ ಮನೆ ಕಾಣಿಸಿಕೊಂಡಿತು. ಅಲ್ಲಿದ್ದವರು ವಿಂಡೋಸ್ ಮತ್ತು ಲಿನಕ್ಸ್ ಅಲ್ಲ. ವಿಂಡೋಸ್ 98 ಮತ್ತು ವಿಂಡೋಸ್ ಎಕ್ಸ್‌ಪಿ. ಹಳೆಯ ಅಕ್ಷರಶೈಲಿ, ಅದಕ್ಕೆ ಬೀಗದಕೈಯಂತೆ ಯಂತ್ರದ ಹಿಂದೆ ಸಿಕ್ಕಿಸುವ ಡಾಂಗಲ್, ಅಚ್ಚಿನ ಕೆಲಸ ಇವೆಲ್ಲ 98ರಲ್ಲಿ. ಅಂತರಜಾಲ, ಮಿಂಚಂಚೆ ಎಕ್ಸ್‌ಪಿಯಲ್ಲಿ. ಒಂದೇ ಭಾಷೆಯನ್ನು ಬರೆಯಲು ಒಂದು ಯಜಮಾನ, ಕಳಿಸಲು ಇನ್ನೊಂದು.

ಇಂಥಲ್ಲಿ ಕೈ ಹಿಡಿದದ್ದು ಒಂದು ಕೀಲಿಮಣೆ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ. ಪಿ. ರಾವ್, ಮುಂಬಯಿಯಲ್ಲಿ ಟಾಟಾ ಸಂಶೋಧನ ಸಂಸ್ಥೆಯಲ್ಲೂ ಅಕ್ಷರ ಜೋಡಣೆಯ ಮಾನೋಟೈಪ್ ಕಂಪೆನಿಯಲ್ಲೂ ದುಡಿದವರು. ಇಂಗ್ಲಿಷ್ ಕೀಲಿಮಣೆಯ ಅಷ್ಟೇ ಕೀಲಿಗಳಲ್ಲಿ ಇಡೀ ಕನ್ನಡವನ್ನು ಕೂರಿಸಿದ ವಿನ್ಯಾಸ ಅವರದು. ಕಾಗುಣಿತ, ಒತ್ತಕ್ಷರಗಳಿಗೆ ಬೇರೆ ಬೇರೆ ಕೀಲಿ ಹುಡುಕಬೇಕಿಲ್ಲ. ಉಚ್ಚಾರಣೆಯ ಕ್ರಮದಲ್ಲಿ ಒತ್ತುತ್ತ ಹೋದರೆ ಅಕ್ಷರ ತಾನೇ ಕೂಡಿಕೊಳ್ಳುತ್ತದೆ. ಈ ಜಿಲ್ಲೆಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಅವರು ಒಂದು ಬರವಣಿಗೆಯ ತಂತ್ರಾಂಶವನ್ನೂ ಉಚಿತವಾಗಿ ಹಂಚಿದರು. ವಿನ್ಯಾಸದ ಮೇಲೆ ಹಕ್ಕು ಹೂಡಲಿಲ್ಲ. ಸರ್ಕಾರ ಅದನ್ನು ಒಪ್ಪಿಕೊಂಡಿತು, ನುಡಿ ಅದನ್ನು ಬಳಸಿತು, ಲಿನಕ್ಸಿನವರು ‘ಕೆಜಿಪಿ’ ಎಂಬ ಹೆಸರಿನಲ್ಲಿ ಅದನ್ನು ಸೇರಿಸಿಕೊಂಡರು. ಯಜಮಾನ ಬದಲಾದರೂ ಬೆರಳಿನ ಅಭ್ಯಾಸ ಬದಲಾಗಬೇಕಿರಲಿಲ್ಲ. ಎರಡು ವ್ಯವಸ್ಥೆಗಳ ನಡುವೆ ಓಡಾಡುವವನಿಗೆ ಇದು ಎಷ್ಟು ದೊಡ್ಡ ಉಪಕಾರವೆಂಬುದು ಓಡಾಡಿದವರಿಗಷ್ಟೇ ತಿಳಿದೀತು.

ಈ ಕಥೆಗೆ ಇನ್ನೊಂದು ಪಾಲುಪಟ್ಟಿ ಸೇರುತ್ತದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಮರಳಿ ಬರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಶಿಫಾರಸು ಮಾಡಿದರೂ ಗಡಿ ಕದಲಲಿಲ್ಲ. ಸುಳ್ಯದಲ್ಲಿ ಪಯಸ್ವಿನಿಯಾಗಿ ಹರಿದ ನೀರೇ ಗಡಿ ದಾಟಿ ಚಂದ್ರಗಿರಿಯಾಗುತ್ತದೆ. ಪುತ್ತೂರಿನಿಂದ ಈಶ್ವರಮಂಗಲ ದಾಟಿದರೆ ಗಾಳಿಮುಖ, ಸುಳ್ಯದಿಂದ ಜಾಲ್ಸೂರು ದಾಟಿದರೆ ಆದೂರು, ಮುಳ್ಳೇರಿಯ; ಆಚೆಗೂ ಕನ್ನಡ ಶಾಲೆಗಳು, ಅದೇ ಅಡಿಕೆ ತೋಟಗಳು, ಅದೇ ನೆಂಟಸ್ತಿಕೆ. ಆದರೆ ಶಾಲೆಯ ಕಂಪ್ಯೂಟರ್ ತೆರೆದರೆ ಬೇರೆ ಯಜಮಾನ.

ಇದರ ಮೂಲಕ್ಕೆ ಹೋದರೆ ಸಿಗುವವರೂ ಹಳೆಯ ದಕ್ಷಿಣ ಕನ್ನಡದವರೇ. ಉಡುಪಿಯ ಅದಮಾರಿನಲ್ಲಿ ಹುಟ್ಟಿ ಇಸ್ರೋ ಅಧ್ಯಕ್ಷರಾಗಿದ್ದ ಪ್ರೊ. ಯು. ಆರ್. ರಾವ್ ಅವರ ಮುಂದಾಳುತನದ ಕಾರ್ಯಪಡೆ ಕೇರಳದ ಶಾಲೆಗಳಿಗೆ ಮಾಹಿತಿ ತಂತ್ರಜ್ಞಾನದ ಮುನ್ನೋಟ ಬರೆದುಕೊಟ್ಟಿತು. ಅದರ ಆಧಾರದ ಮೇಲೆ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಆರಂಭವಾಯಿತು; 2003ರಲ್ಲಿ ಪ್ರೌಢಶಾಲೆಗಳಲ್ಲಿ ವಿಷಯ ಕಡ್ಡಾಯವಾಯಿತು, 2005ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಬಂತು. ಮೊದಲ ಪಠ್ಯಗಳು ವಿಂಡೋಸಿನ ಸುತ್ತಲೇ ಇದ್ದವು. ಸರ್ಕಾರಿ ಶಾಲೆ ಒಂದು ಕಂಪೆನಿಯ ಸರಕನ್ನೇ ಪಾಠವೆಂದು ಯಾಕೆ ಕಲಿಸಬೇಕೆಂದು ಶಿಕ್ಷಕರ ಸಂಘಟನೆಯೂ ಮುಕ್ತ ತಂತ್ರಾಂಶದ ಕಾರ್ಯಕರ್ತರೂ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನಡುವಿನ ಕೆಲವು ವರ್ಷ ವಿಂಡೋಸ್, ಲಿನಕ್ಸ್ ಎರಡಕ್ಕೂ ಅವಕಾಶವಿತ್ತು. 2006ರ ಆಗಸ್ಟಿನಲ್ಲಿ ಸ್ಟಾಲ್ಮನ್ ಕೇರಳಕ್ಕೆ ಬಂದಾಗ ಅಲ್ಲಿಯ ಪ್ರೌಢಶಾಲೆಗಳು ಮುಕ್ತ ತಂತ್ರಾಂಶಕ್ಕೆ ಸಾಗುತ್ತಿರುವ ಸುದ್ದಿ ದೇಶದಾಚೆಗೂ ಹಬ್ಬಿತು. ದಶಕ ಮುಗಿಯುವುದರೊಳಗೆ ಪರೀಕ್ಷೆ ಪೂರ್ತಿ ಲಿನಕ್ಸಿನಲ್ಲೇ ನಡೆಯತೊಡಗಿತು. 2017ರಲ್ಲಿ ಯೋಜನೆ ‘ಕೈಟ್’ ಎಂಬ ಕಂಪೆನಿಯಾಯಿತು. 2019ರಲ್ಲಿ ತನ್ನದೇ ಲಿನಕ್ಸಿನ ಹೊಸ ಆವೃತ್ತಿ ಹೊರತಂದಾಗ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಪರವಾನಗಿ ಹಣ ಕೊಡದೆ ಉಳಿದ ಮೊತ್ತವನ್ನು ಅದು 3,000 ಕೋಟಿ ರೂಪಾಯಿಯೆಂದು ಲೆಕ್ಕಹಾಕಿತು. ಉಳಿಸಿದವರೇ ಹಾಕಿದ ಲೆಕ್ಕ. ಅದರಲ್ಲಿ ಅರ್ಧ ಹಿಡಿದರೂ ಸಣ್ಣದಲ್ಲ.

ಕನ್ನಡದ ಮಟ್ಟಿಗೆ ಹಣಕ್ಕಿಂತ ಮುಖ್ಯವಾದ ಸಂಗತಿ ಬೇರೆ. ಕೇರಳದ ಈ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷ್ ಮಾತ್ರವಲ್ಲದೆ ತಮಿಳಿನಲ್ಲೂ ಕನ್ನಡದಲ್ಲೂ ಬರುತ್ತವೆ. ಭೂಮಿತಿಗೆ ಜಿಯೋಜಿಬ್ರಾ, ಚಿತ್ರಕ್ಕೆ ಗಿಂಪ್, ಇಂಕ್‌ಸ್ಕೇಪ್ – ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಇವನ್ನೆಲ್ಲ ಲಿನಕ್ಸಿನ ಮೇಲೆ ಕನ್ನಡದಲ್ಲಿ ಓದಿ ಕಲಿಯುತ್ತಾರೆ. ಗಡಿನಾಡಿನಲ್ಲಿ ಕನ್ನಡ ಕಳೆದುಕೊಂಡದ್ದರ ಪಟ್ಟಿ ಉದ್ದವಿದೆ. ಗಳಿಸಿದ್ದರಲ್ಲಿ ಇದೊಂದನ್ನು ಬರೆಯುವವರು ಕಡಿಮೆ.

ಈಚೆಯ ಕಡೆ ‘ಮಾಹಿತಿ ಸಿಂಧು’ ಯೋಜನೆಯ ಕಾಲದಿಂದ ಪ್ರೌಢಶಾಲೆಗಳ ಕಂಪ್ಯೂಟರ್ ಪಾಠವನ್ನು ಖಾಸಗಿ ತರಬೇತಿ ಸಂಸ್ಥೆಗಳಿಗೆ ವಹಿಸುವ ಕ್ರಮ ಬಂತು. ಅವಧಿ ಮುಗಿದ ಮೇಲೆ ಯಂತ್ರವೂ ಪಾಠವೂ ನಿಂತ ಶಾಲೆಗಳು ಕಡಿಮೆಯಲ್ಲ. 2011ರಿಂದ ಶಿಕ್ಷಣ ಇಲಾಖೆ ಐಟಿ ಫಾರ್ ಚೇಂಜ್ ಸಂಸ್ಥೆಯ ನೆರವಿನಿಂದ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಉಬುಂಟು ಲಿನಕ್ಸಿನ ಮೇಲೆ ಗಣಿತ, ವಿಜ್ಞಾನದ ಮೇಷ್ಟ್ರುಗಳು ತರಬೇತಿ ಪಡೆದರು. ಒಳ್ಳೆಯ ಕೆಲಸ, ಆದರೆ ಕೇರಳದಂತೆ ಪರೀಕ್ಷೆಗೆ, ಪಠ್ಯಕ್ಕೆ ಕಟ್ಟಿದ್ದಲ್ಲವಾದ್ದರಿಂದ ಬೇರು ಆಳಕ್ಕೆ ಇಳಿಯಲಿಲ್ಲ. ಹೀಗಾಗಿ ಕಾಸರಗೋಡಿನ ಕನ್ನಡ ಶಾಲೆಯಿಂದ ಪುತ್ತೂರು, ಸುಳ್ಯದ ಕಾಲೇಜಿಗೆ ಬರುವ ವಿದ್ಯಾರ್ಥಿ ಒಂದು ಯಜಮಾನನ ಮನೆಯಲ್ಲಿ ಬೆಳೆದು ಇನ್ನೊಬ್ಬನ ಮನೆಗೆ ಬಂದಂತೆ. ಅಂಥವರ ಲ್ಯಾಪ್‌ಟಾಪಿನಲ್ಲಿ ಎರಡೂ ಇರುವುದು ಷೋಕಿಗಲ್ಲ.

ಹಾಗಾದರೆ ಎರಡನ್ನು ಇಟ್ಟುಕೊಳ್ಳುವ ಸ್ವಾತಂತ್ರ್ಯ ಯಾವಾಗಲೂ ಬಳಸುವವನ ಕೈಯಲ್ಲೇ ಇತ್ತೇ? ಇಲ್ಲವೆನ್ನುವುದಕ್ಕೆ ಜಪಾನಿನ ಒಂದು ಪ್ರಸಂಗವಿದೆ. 1990ರ ದಶಕದ ಕೊನೆಯಲ್ಲಿ ಹಿಟಾಚಿ ಕಂಪೆನಿ ವಿಂಡೋಸ್ 98ರ ಜತೆಗೆ ಬಿಓಎಸ್ ಎಂಬ ಇನ್ನೊಂದು ವ್ಯವಸ್ಥೆಯನ್ನೂ ತುಂಬಿ ಕಂಪ್ಯೂಟರ್ ಮಾರಿತು. ಕೊಂಡವರು ಗುಂಡಿ ಒತ್ತಿದರೆ ಕಾಣುತ್ತಿದ್ದುದು ವಿಂಡೋಸ್ ಮಾತ್ರ. ಎರಡನೆಯದು ಡಿಸ್ಕಿನಲ್ಲಿದ್ದರೂ ಆಯ್ಕೆಯ ಪಟ್ಟಿಯೇ ಪರದೆಗೆ ಬರುತ್ತಿರಲಿಲ್ಲ. ಅದನ್ನು ಎಬ್ಬಿಸುವ ದಾರಿಯನ್ನು ಕೊಂಡವನೇ ಹುಡುಕಿಕೊಳ್ಳಬೇಕಿತ್ತು. ಕಂಪ್ಯೂಟರ್ ತಯಾರಕರೊಡನೆ ಮೈಕ್ರೋಸಾಫ್ಟ್ ಮಾಡಿಕೊಂಡಿದ್ದ ಪರವಾನಗಿ ಕರಾರುಗಳೇ ಇದಕ್ಕೆ ಕಾರಣವೆಂದು ಬಿ ಕಂಪೆನಿ 2002ರಲ್ಲಿ ದಾವೆ ಹೂಡಿತು. ಮರುವರ್ಷ ಮೈಕ್ರೋಸಾಫ್ಟ್ ತಪ್ಪು ಒಪ್ಪಿಕೊಳ್ಳದೆ 2 ಕೋಟಿ 32 ಲಕ್ಷದ 50 ಸಾವಿರ ಡಾಲರ್ ಕೊಟ್ಟು ರಾಜಿಯಾಯಿತು. ಅಷ್ಟರಲ್ಲಿ ಬಿ ಕಂಪೆನಿಯ ಸರಕೆಲ್ಲ ಬೇರೆಯವರಿಗೆ ಮಾರಿಹೋಗಿತ್ತು. ಪಾಲುಪಟ್ಟಿಯಲ್ಲಿ ಹೆಸರಿದ್ದರೂ ಬಾಗಿಲ ಬೀಗದಕೈ ಇಲ್ಲದ ದಾಯಾದಿಯ ಸ್ಥಿತಿ.

ಆ 512 ಬೈಟಿನ ಪತ್ರದ ಕಾಲವೂ ಈಗ ಮುಗಿದಿದೆ. ಎರಡು ಟೆರಾಬೈಟಿಗಿಂತ ದೊಡ್ಡ ಡಿಸ್ಕನ್ನು ಅದು ಅಳೆಯಲಾರದು. ಹೊಸ ಬಗೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ 128 ಸಾಲುಗಳಿಗೆ ಜಾಗವಿದೆ. ದ್ವಾರಪಾಲಕರಿಗೆಂದೇ ಒಂದು ಕೋಣೆ ಪ್ರತ್ಯೇಕವಾಗಿದ್ದು, ಒಬ್ಬರು ಇನ್ನೊಬ್ಬರನ್ನು ಅಳಿಸಬೇಕಾಗಿಲ್ಲ. ಆದರೆ 2012ರಲ್ಲಿ ವಿಂಡೋಸ್ 8ರ ಜತೆಗೆ ‘ಸೆಕ್ಯೂರ್ ಬೂಟ್’ ಎಂಬ ಕಾವಲು ಬಂತು. ನಂಬಿಕಸ್ಥರ ಸಹಿ ಇಲ್ಲದ ಯಾವ ವ್ಯವಸ್ಥೆಯನ್ನೂ ಅದು ಏಳಗೊಡದು. ಕಳ್ಳ ತಂತ್ರಾಂಶಗಳನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಅಂಗಡಿಯಲ್ಲಿ ಸಿಗುವ ಯಂತ್ರಗಳಲ್ಲಿ ಅಚ್ಚೊತ್ತಿರುವುದು ಮೈಕ್ರೋಸಾಫ್ಟಿನ ಮುದ್ರೆ. ಲಿನಕ್ಸಿನವರೂ ತಮ್ಮ ಒಂದು ಪುಟ್ಟ ದ್ವಾರಪಾಲಕನಿಗೆ ಅವರಿಂದಲೇ ಸಹಿ ಹಾಕಿಸಿಕೊಂಡು ಒಳಬರುವ ಏರ್ಪಾಟು ಮಾಡಿಕೊಂಡರು. ಈ ಏರ್ಪಾಟು ಎಷ್ಟು ನಾಜೂಕಿನದೆಂದು 2024ರ ಆಗಸ್ಟಿನಲ್ಲಿ ಕಂಡಿತು. ವಿಂಡೋಸಿನ ಒಂದು ಭದ್ರತಾ ತಿದ್ದುಪಡಿ ಹಳೆಯ ಲಿನಕ್ಸ್ ದ್ವಾರಪಾಲಕರನ್ನು ಅನರ್ಹಗೊಳಿಸಿತು. ಎರಡು ವ್ಯವಸ್ಥೆಗಳಿರುವ ಯಂತ್ರಗಳಿಗೆ ಅದು ತಾಗುವುದಿಲ್ಲವೆಂದು ಹೇಳಲಾಗಿತ್ತು. ಬೆಳಗಾದಾಗ ಎಷ್ಟೋ ಅಂಥ ಯಂತ್ರಗಳಲ್ಲಿ ಲಿನಕ್ಸ್ ಏಳಲೇ ಇಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. 11ನೆಯ ಆವೃತ್ತಿಯನ್ನು ಹೊರಲಾರದ ಗಟ್ಟಿಮುಟ್ಟಾದ ಹಳೆಯ ಯಂತ್ರಗಳು ಎಷ್ಟೋ ಇವೆ. ಅವುಗಳಲ್ಲಿ ಹೊಸ ಲಿನಕ್ಸಿಗೆ ಒಂದು ಕೋಣೆ ತೆರವು ಮಾಡಿ, ಅಂತರಜಾಲದ ಕೆಲಸವನ್ನೆಲ್ಲ ಅಲ್ಲಿಗೆ ವರ್ಗಾಯಿಸುವುದು ಈಗ ಹೆಚ್ಚಿನವರಿಗೆ ಅರ್ಧ ಗಂಟೆಯ ಕೆಲಸ. ಡಿಟಿಪಿ ಅಂಗಡಿಗಳಲ್ಲಿ ಮಾತ್ರ ಹಳೆಯ ಕೋಣೆ ಖಾಲಿಯಾಗುವುದಿಲ್ಲ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಆದರೆ ಹತ್ತಿಪ್ಪತ್ತು ವರ್ಷಗಳ ಆಮಂತ್ರಣ ಪತ್ರಿಕೆ, ಸ್ಮರಣಸಂಚಿಕೆ, ಪ್ರಸಂಗ ಪುಸ್ತಕಗಳು ಅದರಲ್ಲೇ, ಹಳೆಯ ಅಕ್ಷರಶೈಲಿಯಲ್ಲೇ ಕೂತಿವೆ. ದೇವಸ್ಥಾನದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಬ್ರಹ್ಮಕಲಶ. ಹೋದ ಸಲದ ಆಮಂತ್ರಣವನ್ನು ತೆಗೆದು ದಿನಾಂಕ ತಿದ್ದಿದರೆ ಸಾಕೆಂದು ಸಮಿತಿಯವರು ಬಂದು ಕೂತರೆ, ಅಂಗಡಿಯವನು ಯಂತ್ರವನ್ನು ಆರಿಸಿ ಮತ್ತೆ ಹಚ್ಚುತ್ತಾನೆ. ಪಟ್ಟಿ ಮೂಡಿದಾಗ ಬಾಣದ ಕೀಲಿ ಒತ್ತಿ ಕೆಳಗಿನ ಸಾಲಿಗೆ ಹೋಗುತ್ತಾನೆ.